ದೋಣಿಯವನ ಪರ ವಕೀಲ

ನಮ್ಮ ಬೀದಿಯ ಬೀಗ ರಿಪೇರಿಯವನ ಮುಂದೆ ಅವನ ಮೆಚ್ಚಿನ ವಿಡಿಯೋ ಗೇಮಿನಲ್ಲಿ ಬರುವ ದೋಣಿಯವನ ಸುದ್ದಿ ಎತ್ತಿದರೆ ನಿಮ್ಮ ಕೀಲಿಕೈ ಕೆಟ್ಟಿತೆಂದೇ ತಿಳಿಯಿರಿ. ಆಟದ ಮೊದಲೆರಡು ಭಾಗಗಳಲ್ಲಿ ಎಲ್ಲರನ್ನೂ ನಗಿಸುತ್ತಿದ್ದ ದೋಣಿಯವ ಮೂರನೆಯದರಲ್ಲಿ ಸಿಡುಕನಾದದ್ದೇಕೆ ಎಂಬುದಕ್ಕೆ ಇವನ ಬಳಿ ಹನ್ನೊಂದು ವಾದಗಳಿವೆ. ವಾದ ಬಿಸಿಯೇರಿದಂತೆ ಅವನ ಕೈಯಲ್ಲಿನ ಉಜ್ಜುವ ಅರ ಕೀಲಿಯ ಹಲ್ಲನ್ನೇ ತಿಂದುಹಾಕುತ್ತದೆ. ನನ್ನ ಬೀರುವಿನ ಕೀಲಿ ಹೀಗೆ ಮೂರು ಸಲ ಹಾಳಾಗಿದೆ. “ಕಥೆ ಬರೆಯೋರು ಬದಲಾದ್ರು, ಅಷ್ಟೇ” ಎಂದು ನಿನ್ನೆ ನಾನೂ ರೇಗಿದೆ. “ತಲೆಬುಡ ಗೊತ್ತಿಲ್ದೆ ಮಾತಾಡ್ಬೇಡಿ. ಒಳ್ಳೆಯವನನ್ನ ಯಾರೋ ಒಳಗೆ ಕೂಡಿಹಾಕಿದಾರೆ” ಎಂದು ಅರವನ್ನು ಬಿಸುಟು ಒಳಕೋಣೆಗೆ ಹೋದ. ಪಿತ್ತ ನೆತ್ತಿಗೇರಿ ನಾನೂ ಹಿಂದೆಯೇ ನುಗ್ಗಿದೆ. ಪಾರ್ಶ್ವವಾಯು ಬಡಿದಂದಿನಿಂದ ಬಾಯಿ ತೆರೆದರೆ ಬೈಯುವ ಅವನ ಅಣ್ಣ, ಊಟದ ತಟ್ಟೆಯನ್ನು ಇವನ ಎದೆಗೇ ಎಸೆದಿದ್ದ. ಅಂಗಿ ಒರೆಸಿಕೊಳ್ಳುತ್ತಾ ಇವನು ನನ್ನನ್ನೇ ಗದರಿದ: “ಏನ್ ನೋಡ್ತೀರಿ? ಬೈತಿರೋದು ನಮ್ಮಣ್ಣ ಅಲ್ಲ. ನಮ್ಮಣ್ಣ ಒಳಗಿದಾನೆ.”