ತಕರಾರಿನ ಸೈಟು

ಈಗಲೂ ರಸ್ತೆಯ ತಿರುವಿನಲ್ಲಿ ಬೂದು ಟಾರ್ಪಾಲು ಹೊದ್ದ ಲಾರಿ ನಿಂತಿದ್ದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಹಿಂದೆ ಕೂತ ಹೆಂಡತಿ ನಗುತ್ತಾಳೆ. ನಾನೂ ನಗುತ್ತೇನೆ, ಸ್ಕೂಟರ್ ನಿಲ್ಲಿಸಿ ಅದು ಲಾರಿಯೇ ಎಂದು ಖಾತ್ರಿ ಮಾಡಿಕೊಂಡ ಮೇಲೆ.

ನಾನು ಹುಣಸೂರಿನಲ್ಲಿ ಚರಿತ್ರೆಯ ಮೇಷ್ಟ್ರು. ನನ್ನ ಅಕ್ಕ ಮೈಸೂರಿನ ಫಾರ್ಮಸಿ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ, ಔಷಧಿಗಳ ಸಂಶೋಧನೆಯನ್ನೂ ಮಾಡುತ್ತಾಳೆ. ನಮ್ಮ ಕಡೆ ಹೊಲದ ಬೇಲಿಗೆ ಹಬ್ಬುವ ಒಂದು ಬಳ್ಳಿಯ ಎಲೆಯ ರಸ ಗಾಯವನ್ನು ಬೇಗ ಮಾಯಿಸುತ್ತದೆ ಎಂದು ಅವಳೊಂದು ಪ್ರಬಂಧ ಬರೆದಿದ್ದಳು. ಎಲ್ಲೆಲ್ಲಿಯವರೋ ತಮ್ಮ ಪ್ರಬಂಧಗಳಲ್ಲಿ ಅದನ್ನು ಉಲ್ಲೇಖಿಸುತ್ತಿದ್ದರು. ಹಾಗೆ ಒಬ್ಬರು ಉಲ್ಲೇಖಿಸಿದರೆ ಒಂದು ಸೈಟೇಶನ್ ಎಂದು ಲೆಕ್ಕ. ಬೆಳಿಗ್ಗೆ ಎದ್ದವಳು ಕಾಫಿಗಿಂತ ಮೊದಲು ಫೋನಿನಲ್ಲಿ ಆ ಲೆಕ್ಕ ನೋಡುತ್ತಾಳೆ.

ಒಂದು ದಿನ ಹೊಸದೊಂದು ಬಂದಿತ್ತು. ತೆರೆದರೆ ಇಟಲಿಯವರು. ನಮ್ಮ ಕಡೆಯಿಂದಲೇ ಎಲೆ ತರಿಸಿಕೊಂಡು ಪರೀಕ್ಷಿಸಿದ್ದರಂತೆ. ಗಾಯ ಮಾಯಲಿಲ್ಲ ಎಂದು ಬರೆದಿದ್ದರು.

"ಬೈದರೂ ಲೆಕ್ಕಕ್ಕೆ ಬರುತ್ತೆ ನೋಡೋ," ಎಂದು ಅಕ್ಕ ಫೋನಿನಲ್ಲಿ ನಕ್ಕಳು. ಆದರೆ ಅದು ನಗುವ ವಿಷಯವಾಗಿರಲಿಲ್ಲ. ಮತ್ತೆ ಎಲೆ ತಂದು ಪರೀಕ್ಷಿಸಿ, ಇಟಲಿಯವರೇ ಸರಿ ಎಂದಾದರೆ ಆ ಪ್ರಬಂಧವನ್ನು ಅವಳೇ ಹಿಂದಕ್ಕೆ ಪಡೆಯಬೇಕು. ಅವಳ ಹೆಸರು ನಿಂತಿದ್ದೇ ಅದರ ಮೇಲೆ.

ಎಲೆ ತರಲು ಕಾಡಂಚಿನ ವೀರನಹೊಸಹಳ್ಳಿ ಕಡೆಯ ಪರಿಚಯದವರ ಹೊಲಕ್ಕೆ ಹೊರಟೆವು. ಬಾಡಿಗೆ ವ್ಯಾನಿನ ಡ್ರೈವರು ಭೇರ್ಯದವರು, ನಮ್ಮಿಬ್ಬರಿಗಿಂತ ಹಿರಿಯರು. ದಾರಿಯುದ್ದಕ್ಕೂ ಅಕ್ಕ ಸಹೋದ್ಯೋಗಿಯೊಬ್ಬರ ಜೊತೆ ಫೋನಿನಲ್ಲೇ ಇದ್ದಳು. "ಬ್ರೆಜಿಲ್‌ದು ಎರಡು ಸೈಟೇಶನ್ ಇದೆ, ಜಪಾನ್‌ದು ಹೊಸದು. ತಕರಾರಿರೋದು ಇಟಲಿಯವರದ್ದು ಮಾತ್ರ."

ಡ್ರೈವರು ನನ್ನ ಕಡೆ ಬಾಗಿದರು. "ಮೇಷ್ಟ್ರೇ, ನಿಮ್ಮಕ್ಕೋರು ಫಾರಿನ್ನಾಗೂ ಸೈಟು ಮಡಗವ್ರಾ?"

ಅವರ ಕಿವಿಗೆ ಬಿದ್ದದ್ದು ಮನೆ ಕಟ್ಟುವ ಸೈಟು. ನಾನು ಬಾಯಿ ತೆರೆಯುವಷ್ಟರಲ್ಲಿ ಸಲಹೆಯೂ ಬಂತು. "ತಕರಾರಿರೋ ಸೈಟ್ಗೆ ಮೊದ್ಲು ಬೇಲಿ ಆಕ್ಸಿ ಕಣ್ರೀ. ಇಟಲಿಯೋರು ಒತ್ತುವರಿ ಮಾಡ್ಕಂಡ್ರೆ ಕೋರ್ಟು ಕಚೇರಿ ಅಲೀಬೇಕಾಯ್ತದೆ."

ಅಕ್ಕ ಫೋನನ್ನು ಕಿವಿಯಿಂದ ಸರಿಸಿ, "ಬೇಲಿ ಹತ್ರಾನೇ ಹೋಗ್ತಾ ಇದ್ದೀವಲ್ಲಾ," ಎಂದಳು.

ಬಳ್ಳಿ ಸಿಕ್ಕಿತು. ಎಲೆ ಕೊಯ್ದು ಬಟ್ಟೆಯ ಚೀಲಕ್ಕೆ ತುಂಬಿ, ಚೀಲವನ್ನು ಮಣ್ಣಿನ ದಾರಿಯಲ್ಲೇ ಇಟ್ಟು, ನೀರು ಕುಡಿಯಲು ವ್ಯಾನಿನೊಳಗೆ ಬಂದು ಕೂತೆವು. ಅಕ್ಕ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು. ಲಂಟಾನದ ಪೊದೆ ಅಲುಗಿತು. ಒಂದು ಕಡ್ಡಿ ಮುರಿದ ಸದ್ದೂ ಇಲ್ಲದೆ ಒಂಟಿ ಸಲಗ ಬಂದು ಚೀಲದ ಪಕ್ಕ ನಿಂತಿತು.

ಡ್ರೈವರು ಅಲುಗಾಡಬೇಡಿ ಎಂದು ಬೆರಳೆತ್ತಿದರು. ಆದರೆ ಅಕ್ಕನ ಕೈ ಆಗಲೇ ಬಾಗಿಲ ಹಿಡಿಯ ಮೇಲಿತ್ತು.

"ನನ್ನ ಎಲೆ ಕಣೋ," ಎಂದು ಪಿಸುಗುಟ್ಟಿದಳು.

ನಾನು ಅವಳ ಮಣಿಕಟ್ಟು ಹಿಡಿದೆ. ಬೆವರಿಗೆ ಹಿಡಿತ ಜಾರುತ್ತಿತ್ತು. ಇಂದಿಗೂ ನಾನು ಬಿಡದೆ ನೆನೆಯುವುದು ಇಷ್ಟನ್ನೇ: ಬಾಗಿಲ ಹಿಡಿ ಅರ್ಧ ಎದ್ದದ್ದು, ನನ್ನ ಬೆರಳು ಜಾರಿದ್ದು. ಆನೆ ಚೀಲವನ್ನು ಮೂಸಿ ಎತ್ತಿತು. ಕಿವಿ ಅಗಲಿಸಿ ನಮ್ಮ ಕಡೆ ಬಂತು. ಮುಂದಿನ ಗಾಜಿನ ತುಂಬ ಬೂದು ಚರ್ಮವೇ ಹೊರತು ಆಕಾಶವಿಲ್ಲ.

ಆಗ ಡ್ರೈವರು ತುಟಿ ಅಲುಗಿಸದೆ ಹೇಳಿದರು: "ಅಕ್ಕೋರೇ, ಬದುಕ್ಕಂಡ್ರೆ ನಂಗೂ ಒಂದ್ ಸೈಟು ಕೊಡ್ರಿ. ತಕರಾರಿಂದಾದ್ರೂ ಸರಿ."

ಅಕ್ಕನ ಕೈ ಬಾಗಿಲನ್ನು ಬಿಟ್ಟಿತು. ನಗು ತಡೆಯಲು ಅವಳಿಗೆ ಎರಡೂ ಕೈ ಬೇಕಾಗಿತ್ತು. ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಸೀಟಿನಲ್ಲಿ ಕುಗ್ಗಿ ಕೂತಳು. ಆನೆ ಗಾಜಿನಾಚೆ ಒಮ್ಮೆ ಉಸಿರು ಬಿಟ್ಟಿತು. ಚೀಲವನ್ನು ಬೇಲಿಯ ಮೇಲೆ ಬಿಸಾಡಿ, ಏನೂ ಆಗಿಲ್ಲವೆಂಬಂತೆ ಪೊದೆಯೊಳಗೆ ಹೋಯಿತು.

ಡ್ರೈವರು ಹೂಂ ಅನ್ನುವವರೆಗೂ ನಾವು ಇಳಿಯಲಿಲ್ಲ. ಚೀಲ ಹರಿದಿತ್ತು. ಅರ್ಧದಷ್ಟು ಎಲೆ ಉಳಿದಿತ್ತು. ಪರೀಕ್ಷೆಗೆ ಅಷ್ಟು ಸಾಕಾಯಿತು.

ಎಲೆ ಕೆಲಸ ಮಾಡಿತು! ಅಕ್ಕ ಮೊದಲೂ ಈಗಲೂ ಕೊಯ್ದದ್ದು ಬಳ್ಳಿ ಹೂ ಬಿಡುವ ಮುಂಚೆ. ಇಟಲಿಗೆ ಹೋಗಿದ್ದು ಹೂ ಬಿಟ್ಟ ಮೇಲಿನ ಎಲೆ. ಆ ಒಂದು ಮಾತು ಮೊದಲ ಪ್ರಬಂಧದಲ್ಲಿ ಬಿಟ್ಟುಹೋಗಿತ್ತು. ಹೊಸ ಪ್ರಬಂಧದಲ್ಲಿ ಅದನ್ನು ಸೇರಿಸಿದಳು. ಇಟಲಿಯವರು ಮತ್ತೆ ಮಾಡಿ ನೋಡಿ ಒಪ್ಪಿಕೊಂಡು, ಅದನ್ನೂ ಉಲ್ಲೇಖಿಸಿದರು.

ಅವತ್ತು ಅಕ್ಕ ನಮ್ಮ ಮನೆಯಲ್ಲಿದ್ದಳು. ಡ್ರೈವರಿಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿ, ಸೈಟೇಶನ್ ಅಂದರೇನು ಎಂದು ಕೊನೆಗೂ ಬಿಡಿಸಿ ಹೇಳಿದಳು. ಹೊಸ ಪ್ರಬಂಧದಲ್ಲಿ ಸಹಾಯ ಮಾಡಿದವರನ್ನು ನೆನೆಯುವ ಸಾಲಿನಲ್ಲಿ ಅವರ ಹೆಸರನ್ನು ಹಾಕಿರುವುದನ್ನೂ ಹೇಳಿದಳು.

"ಅಂದ್ರೆ, ಬ್ಯಾರೆಯೋರ ಜಾಗ್ದಾಗೆ ನಮ್ಮೆಸ್ರು. ನಮ್ಮ ಖಾತೆಗೆ ಬರಾಕಿಲ್ಲ ಅನ್ನಿ."

"ಬರಲ್ಲ ಕಣ್ರೀ."

"ಓಗ್ಲಿ ಬುಡಿ ಅಕ್ಕೋರೇ. ಇಟಲಿಯೋರ ತಕರಾರು ತೀರ್ತಲ್ಲ, ಅಷ್ಟು ಸಾಕು."