ಕಾಕಾನ ದನಿಯಲ್ಲಿ ಒಂದು ಫ್ರೆಂಚ್ ಸಿನಿಮಾ

ತುಂಬಿದ ಸಭೆಯಲ್ಲಿ ಒಬ್ಬ ಒಳ್ಳೆಯ ಮನುಷ್ಯನ ಸಂಸಾರವನ್ನು ನಗೆಗೀಡು ಮಾಡಿದವನು ನಾನೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೊನ್ನೆ ಶಿಗ್ಗಾಂವಿಯ ಮದುವೆಯೊಂದರಲ್ಲಿ ಯಾರೋ ವೀಳ್ಯದೆಲೆಯ ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಸಿದರು. ಆ ಹಸಿ ಘಾಟು ಮೂಗಿಗೆ ಬಡಿದದ್ದೇ, ಬೀಗರ ಕೆಮ್ಮನ್ನು ಅಣಕಿಸುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿದೆ... ಸವಣೂರಿನ ಎಲೆ ಅಂಗಡಿಯ ಕಾಕಾ ನೆನಪಾದರು.

ಕಾಕಾನ ಮಾತು ಬಾಯೊಳಗಿನ ಎಲೆ-ಅಡಿಕೆಯನ್ನು ದಾಟಿಕೊಂಡು ಮೂಗಿನಿಂದ ಬರುತ್ತಿತ್ತು. ಊರಲ್ಲಿ ಬೇರೆ ಯಾರ ದನಿ ತೆಗೆದರೂ ನನಗೆ ಬೈಗುಳ, ಅವರು ಮಾತ್ರ "ಇನ್ನೊಮ್ಮೆ ಮಾಡಲೇ!" ಎಂದು ನಗುತ್ತಿದ್ದರು. ಅವರ ಹೆಂಡತಿ, ನಮ್ಮ ಕಾಕು, ಹಿಂದೊಮ್ಮೆ ಇನ್ನೊಬ್ಬನ ಜೊತೆ ಹಾನಗಲ್ಲಿಗೆ ಹೋಗಿ, ಮೂರು ತಿಂಗಳಿಗೆ ಮರಳಿ ಬಂದಿದ್ದರು. ಊರಿಗೆಲ್ಲ ಗೊತ್ತಿತ್ತು. ಅವರೆದುರು ಯಾರೂ ಆ ಮಾತು ಆಡುತ್ತಿರಲಿಲ್ಲ.

ಒಂದು ರವಿವಾರ ಮಧ್ಯಾಹ್ನ ನಮ್ಮ ಕಾಲೇಜಿನ ಸರ್ ಕಿಟಕಿ ಮುಚ್ಚಿಸಿ ಹಳೆಯ ಫ್ರೆಂಚ್ ಸಿನಿಮಾ ತೋರಿಸಿದರು. ಗಂಡನನ್ನು ಬಿಟ್ಟು ಪ್ರಿಯಕರನ ಹಿಂದೆ ಹೋದವಳ ಕಥೆ. ಭಾಷೆ ಯಾರಿಗೂ ತಿಳಿಯದು. ಪರದೆಯ ಪಕ್ಕ ನಿಂತು ಕನ್ನಡದಲ್ಲಿ ಮಾತಾಡುವ ಕೆಲಸ ನನಗೆ. ಸರ್ ಸಿನಿಮಾದ ಕಥೆ ಮೊದಲೇ ಹೇಳಿದ್ದರೂ, "ಕಾಕೂನ್ನೂ ಕರ್ಕೊಂಡ ಬರ್ರಿ, ನನ್ನ ಕಲಾ ನೋಡ್ರಿ" ಎಂದು ಅಂಗಡಿಗೆ ಹೋಗಿ ಕರೆದು ಬಂದಿದ್ದ ಜಾಣ ನಾನು.

ಪ್ರಿಯಕರನಿಗೆ ಯಲವಿಗಿ ಬಸ್ಸಿನ ಕಂಡಕ್ಟರನ ದನಿ ಕೊಟ್ಟೆ. ಜನ ಬಿದ್ದು ಬಿದ್ದು ನಕ್ಕರು. ಆ ನಗು ನನ್ನ ತಲೆಗೇರಿತು. ಕೊನೆಗೆ ಆಕೆ ಪೆಟ್ಟಿಗೆ ಹಿಡಿದು ಗಂಡನ ಬಾಗಿಲಲ್ಲಿ ಬಂದು ನಿಂತಳು. ಗಂಡ ಬಾಯಿ ತೆರೆದ. ನನ್ನ ಬಾಯಿಂದ ಕಾಕಾನ ದನಿ ಹೊರಟಿತು:

"ಯಾಕ ಬಂದಿ? ಅವಗ ಸಾಕಾದಿಯೇನ?"

ಎದ್ದ ನಗು ಅಲ್ಲೇ ಸತ್ತಿತು. ಕಾಕು ಮುಖಕ್ಕೆ ಸೆರಗು ಎಳೆದುಕೊಂಡು ಎದ್ದರು. ಕಾಕಾ ಅವರ ಕೈ ಹಿಡಿದು ಕೂಡಿಸಿ, ತಾವು ಎದ್ದು ನಿಂತರು.

ಈಗ ಆ ಅಂಗಡಿಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ. ಕಾಕಾ ತೀರಿಹೋಗಿ ಎರಡು ವರ್ಷವಾಯಿತು; ಕಾಕು ಮಾಸೂರಿನ ತಂಗಿಯ ಮನೆಯಲ್ಲಿದ್ದಾರಂತೆ. ಅಂದಿನಿಂದ ನಾನು ಆ ದನಿ ತೆಗೆದಿರಲಿಲ್ಲ. ಮದುವೆಯಿಂದ ಬಂದ ಮೇಲೆ ಒಬ್ಬನೇ ಕೂತು ತೆಗೆದು ನೋಡಿದೆ, ಬರಲೇ ಇಲ್ಲ... ಅಂದು ಎಲ್ಲರೆದುರು ಅವರು ಹೇಳಿದ್ದು ಮಾತ್ರ ಒಂದಕ್ಷರ ಬಿಡದೆ ಉಳಿದಿದೆ:

"ದನಿ ಬರೋಬ್ಬರಿ ತಗದಿ ತಮ್ಮಾ, ಮಾತು ತಪ್ಪೈತಿ. ಈಕಿ ಬಂದಾಗ ನಾ ಕೇಳಿದ್ದು 'ಉಂಡೀಯೇನ?' ಅಂತ. ಅಷ್ಟ."