ಮಾತು ಬಿಟ್ಟ ಸೋದರಮಾವ

ನಮ್ಮದು ಸಣ್ಣ ಸುದ್ದಿ ಜಾಲತಾಣ. ಜಾಹೀರಾತಿಲ್ಲ, ಮಾಲೀಕರಿಲ್ಲ, ಲಾಭದ ಆಸೆಯೂ ಇಲ್ಲ. ಓದುಗರ ದೇಣಿಗೆಯಲ್ಲಿ ನಡೆಯುತ್ತದೆ. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಗಳೇ ಕಚೇರಿ. ಆಗ ಇದ್ದವರು ಮೂವರು. ಸಂಪಾದಕರು ನಿವೃತ್ತ ಕನ್ನಡ ಅಧ್ಯಾಪಕರು, ಎಲ್ಲರಿಗೂ ಮೇಷ್ಟ್ರು. ನಾನು ಉಪಸಂಪಾದಕಿ. ಮೂರನೆಯವಳು ಮಾಯಕೊಂಡದಿಂದ ದಿನವೂ ಬಂದು ಹೋಗುತ್ತಿದ್ದ ವರದಿಗಾರ್ತಿ. ವಯಸ್ಸಿನಲ್ಲಿ ನಮ್ಮಿಬ್ಬರಿಗಿಂತ ಚಿಕ್ಕವಳು, ಮಾತಿನಲ್ಲಿ ಅಲ್ಲ.

ನಂಟರ ಸುದ್ದಿಯನ್ನು ನಂಟರು ಮುಟ್ಟಬಾರದು ಎಂಬ ನಿಯಮ ಬರೆದವಳು ನಾನೇ. ಯಾರು ಯಾರು ನಮ್ಮವರು ಎಂದು ಮೊದಲೇ ಬರೆದುಕೊಡಬೇಕು ಎಂದೂ ಸೇರಿಸಿದ್ದೆ. ಬರೆಯಲು ಕೂತ ಮೇಷ್ಟ್ರು ಮೂರು ಹಾಳೆ ತುಂಬಿಸಿ ಪೆನ್ನು ಕೆಳಗಿಟ್ಟರು.

"ಇದೇನವ್ವ, ಅರ್ಧ ಜಿಲ್ಲೆ ನಂಗೆ ಬೀಗರಾಗೈತೆ. ಹಿಂಗಾದ್ರೆ ನಾವು ಶಿವಮೊಗ್ಗದ ಸುದ್ದೀನೇ ಬರೀಬೇಕು."

ನಾನು ಅಚ್ಚುಕಟ್ಟಾಗಿ ಒಂದು ಹಾಳೆ ಬರೆದೆ. ಒಬ್ಬರನ್ನು ಬಿಟ್ಟೆ. ಹರಿಹರದಲ್ಲಿ ಕಲ್ಯಾಣ ಮಂಟಪ ಇಟ್ಟುಕೊಂಡಿದ್ದ ನನ್ನ ಸೋದರಮಾವ. ಅವರು ಹೊಸ ಮನೆಯ ಗೃಹಪ್ರವೇಶಕ್ಕೆ ಮನೆಗೆ ಬಂದು ಕರೆಯದೆ ವಾಟ್ಸಾಪಿನಲ್ಲಿ ಕಾರ್ಡು ಕಳಿಸಿದ್ದರು. ಅಮ್ಮ ಅಂದಿನಿಂದ ತಮ್ಮನ ಜೊತೆ ಮಾತು ಬಿಟ್ಟಿದ್ದಳು. ಮಾತೇ ಇಲ್ಲದ ಮೇಲೆ ಮಾವ ಎಲ್ಲಿಂದ ಬಂದ ಎಂದು ನನ್ನ ವಾದ. ಸುಳ್ಳಲ್ಲ, ಆದರೆ ನನಗೆ ಬಹಳ ಅನುಕೂಲವಾಗಿತ್ತು.

ಒಂದು ದಿನ ಮಾಯಕೊಂಡದ ಹುಡುಗಿ ಹರಿಹರದಿಂದ ಫೋಟೋಗಳನ್ನು ತಂದಳು. ಮದುವೆ ಊಟದ ಎಂಜಲೆಲೆ, ಪ್ಲಾಸ್ಟಿಕ್ ಲೋಟ, ಹಳಸಿದ ಅನ್ನ, ಎಲ್ಲವನ್ನೂ ಒಂದು ಮಂಟಪದವರು ತುಂಗಭದ್ರೆಗೆ ಸುರಿಯುತ್ತಿದ್ದರು. ಹಿಂದೆ ಕಾಣುತ್ತಿದ್ದ ಗುಲಾಬಿ ಬಣ್ಣದ ಗೋಡೆ ನನಗೆ ಚೆನ್ನಾಗಿ ಗೊತ್ತಿತ್ತು. ಚಿಕ್ಕವಳಿದ್ದಾಗ ಅದಕ್ಕೆ ಒರಗಿ ಐಸ್‌ಕ್ರೀಮ್ ತಿಂದಿದ್ದೆ.

ಆಗಲೇ ಬಾಯಿ ಬಿಡಬೇಕಿತ್ತು. ಬದಲಿಗೆ, "ಕೊಡು, ಸ್ವಲ್ಪ ವ್ಯಾಕರಣ ನೋಡ್ತೀನಿ" ಎಂದೆ.

'ಸುರಿಯುತ್ತಿದ್ದಾರೆ' ಎಂದಿದ್ದುದನ್ನು 'ಸುರಿಯಲಾಗುತ್ತಿದೆ ಎನ್ನಲಾಗಿದೆ' ಮಾಡಿದೆ. 'ಗಬ್ಬು ವಾಸನೆ' ಹೋಗಿ 'ಒಂದು ರೀತಿಯ ವಾಸನೆ' ಬಂತು. ಹುಡುಗಿ ಬೆನ್ನ ಹಿಂದೆ ನಿಂತು ಓದುತ್ತಿದ್ದಳು.

"ಎನ್ನಲಾಗಿದೆ ಅಂತ ಯಾಕ ಹಾಕಿದ್ರಿ ಅಕ್ಕ? ನಾನೇ ನಿಂತು ನೋಡೀನಿ."

"ಸುರಕ್ಷಿತ ಇರ್ತೈತೆ ಅಂತ."

"ಯಾರಿಗೆ?"

ನಾನು ಮುಂದಿನ ಸಾಲಿಗೆ ಹೋದೆ. ಅವಳು ಪರದೆ ನೋಡಿದಳು, ನನ್ನ ಮುಖ ನೋಡಿದಳು. "ಆ ಮಂಟಪ ನಿಮ್ಮೋರ್ದಾ?"

ನಿಯಮ ಬರೆದವಳೇ ಕಳ್ಳಿ. ಎದ್ದು ಒಳಗಿನ ಕೋಣೆಗೆ ಹೋಗಿ ಮೇಷ್ಟ್ರಿಗೆ ಎಲ್ಲವನ್ನೂ ಒದರಿದೆ. ಬೈಸಿಕೊಳ್ಳಲು ಸಿದ್ಧಳಾಗಿಯೇ ನಿಂತಿದ್ದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು.

"ನನ್ನ ಮಗಳ ಮದ್ವೆ ಅಲ್ಲೇ ಆಗಿದ್ದು ಕಣವ್ವ. ಆ ದಿನದ ಎಲೆ ಎಲ್ಲಿಗೆ ಹೋದ್ವು ಅಂತ ನಾನೂ ಕೇಳ್ಲಿಲ್ಲ."

ಉಳಿದವಳು ಒಬ್ಬಳೇ. ಅಂದು ಅವಳೇ ಸಂಪಾದಕಿ. ಮೊದಲ ಆದೇಶವಾಗಿ ನಮ್ಮಿಬ್ಬರನ್ನೂ ಕಚೇರಿಯಿಂದ ಹೊರಗೆ ಕಳಿಸಿದಳು. ನಾವು ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಮಿರ್ಚಿ ತಿಂದೆವು. ಮೇಷ್ಟ್ರು ಎರಡು ಸಲ ಬಾಗಿಲು ತಟ್ಟಿ, "ತಲೆಬರಹ ನೋಡ್ಲಾ?" ಎಂದರು. "ಬ್ಯಾಡ್ರಿ ಸರ್, ಕೂಡ್ರಿ" ಎಂದಿತು ಒಳಗಿನ ದನಿ.

ವರದಿ ಸಂಜೆ ಪ್ರಕಟವಾಯಿತು. ಮಾವನ ಮಾತು ಕೇಳಲು ಅವಳು ಮೂರು ಸಲ ಫೋನ್ ಮಾಡಿದ್ದಳು; ಅವರು ಎತ್ತಿರಲಿಲ್ಲ, ಅದನ್ನೂ ಬರೆದಿದ್ದಳು. ಕೊನೆಯಲ್ಲಿ ಹೀಗಿತ್ತು: 'ಮಂಟಪದ ಮಾಲೀಕರು ನಮ್ಮ ಉಪಸಂಪಾದಕಿಯ ಸೋದರಮಾವ. ಸಂಪಾದಕರ ಮಗಳ ಮದುವೆ ಅಲ್ಲಿಯೇ ನಡೆದಿದೆ. ಇಬ್ಬರನ್ನೂ ಹೊರಗೆ ಕೂರಿಸಿ ಈ ವರದಿ ಬರೆಯಲಾಗಿದೆ.' ಹೊಳೆಯನ್ನು ಕುರಿತ ಸುದ್ದಿಗಿಂತ ಈ ಮೂರು ಸಾಲನ್ನೇ ಹರಿಹರದ ಜನ ಒಬ್ಬರಿಗೊಬ್ಬರು ಕಳಿಸಿಕೊಂಡರು.

ಮರುದಿನ ಬೆಳಿಗ್ಗೆ ಮಾವ ಅಮ್ಮನಿಗೆ ಫೋನ್ ಮಾಡಿದರು. ದನಿ ಅಡುಗೆಮನೆಯವರೆಗೂ ಕೇಳುತ್ತಿತ್ತು.

"ನಿನ್ನ ಮಗಳು ನನ್ನ ಮಾನ ತೆಗೆದ್ಲು!"

"ಅವಳು ಬರ್ದೇ ಇಲ್ಲ, ಹೊರಗೆ ಕೂತಿದ್ಲು. ಕೊನೆತನಕ ಓದು" ಎಂದಳು ಅಮ್ಮ. ಆಮೇಲೆ ದನಿ ತಗ್ಗಿಸಿ, "ಶುಗರ್ ಹೆಂಗೈತೆ?" ಅಂದಳು. ಅರ್ಧ ಗಂಟೆ ಮಾತಾಡಿದರು. ಫೋನ್ ಇಟ್ಟವಳೇ ನನಗೆ, "ಅವನೇ ಫೋನ್ ಮಾಡಿದ್ದು, ನಾನಲ್ಲ" ಎಂದು ಸ್ಪಷ್ಟಪಡಿಸಿದಳು.

ಎರಡು ದಿನ ಬಿಟ್ಟು ಮಾವ ನನಗೇ ಫೋನ್ ಮಾಡಿ, ಸ್ಪಷ್ಟನೆ ಬರೆದುಕೊಡು ಎಂದರು. ಆಗುವುದಿಲ್ಲ ಎಂದೆ. "ಸ್ವಂತ ಮಾವಗೂ ಇಲ್ವಾ?" "ಸ್ವಂತ ಮಾವ ಅಂತಾನೇ ಇಲ್ಲ, ಮಾವ." ಬೈದು ಇಟ್ಟರು. ಕೊನೆಗೆ ತಾವೇ ಬರೆದು ಕಳಿಸಿದರು. ತಪ್ಪು ಒಪ್ಪಿಕೊಂಡಿದ್ದು ಒಂದು ಸಾಲು. ಉಳಿದದ್ದೆಲ್ಲ ಮಂಟಪದ ಪಾರ್ಕಿಂಗ್ ಸೌಲಭ್ಯದ ವರ್ಣನೆ. ಹುಡುಗಿ ಮೊದಲ ಸಾಲನ್ನು ಹಾಕಿ, ಪಾರ್ಕಿಂಗ್ ಬಿಟ್ಟಳು.

ಹಿತ್ತಲಲ್ಲಿ ಗೊಬ್ಬರದ ಗುಂಡಿ ತೋಡಿಸಿದ್ದೇನೆ ಎಂದು ಮಾವ ಹೇಳಿದಾಗ, ನಾನು ನಂಬಿದೆ. ಅವಳು ನಂಬಲಿಲ್ಲ. ಮೂರು ಮದುವೆಗಳಿಗೆ ಕರೆಯದೆ ಹೋಗಿ, ಎಲೆ ಎಲ್ಲಿಗೆ ಹೋಗುತ್ತವೆ ಎಂದು ಕಾದು ನೋಡಿ ಬಂದಳು. ಮೂರೂ ಸಲ ಗುಂಡಿಗೇ ಬಿದ್ದವಂತೆ. ಊಟ ಮಾಡಿದ್ಯಾ ಎಂದು ಮೇಷ್ಟ್ರು ಕೇಳಿದರು.

"ನೀರೂ ಕುಡೀಲಿಲ್ಲ ಸರ್. ಹೋಳಿಗೆ ಮಾತ್ರ ಭಾರಿ ಚಲೋ ಕಾಣ್ತಿತ್ತು."